ಲೂಸಿ ಸುಮ್ಮನಾದದ್ದು

ಶನಿವಾರ, 18 ಜನವರಿ 2025. ಬೀದರ

ಆ ಡಬ್ಬಿ ತಲೆಯಿಂದ ಹೋಗುತ್ತಿಲ್ಲ.

ಕೈಗಾಡಿ ಕಂಡರೆ ನಮ್ಮ ಲೂಸಿ ಹುಚ್ಚೆದ್ದು ಬೊಗಳುತ್ತಿದ್ದಳು. ಹೊಡೆಯಬೇಡಿ, ಗಾಡಿ ಕಂಡಾಗಲೆಲ್ಲ ಏನಾದರೂ ತಿನ್ನಿಸಿ, ಹೆದರಿಕೆ ನಿಧಾನಕ್ಕೆ ಇಳಿಯುತ್ತದೆ ಎಂದಿದ್ದಳು ನಾಯಿಗಳಿಗೆ ತರಬೇತಿ ಕೊಡುವ ಸೋನಾಲಿ. ಅದಕ್ಕೇ ದಿನಾ ಉಪ್ಪು ಹಾಕದೆ ಕುರಿಯ ಕಲೇಜಿ ಬೇಯಿಸಿ ಡಬ್ಬಿಗೆ ತುಂಬುತ್ತೇನೆ. ಇವರು ಅದನ್ನು ಹಿಡಿದು ಲೂಸಿಯನ್ನು ಕೈಗಾಡಿಗಳು ಓಡಾಡುವ ಗಾಂಧಿ ಗಂಜದ ಕಡೆ ಕರೆದೊಯ್ಯುತ್ತಾರೆ.

ಸೋನಾಲಿ ತಿಂಗಳುಗಟ್ಟಲೆ ಬೇಕು ಎಂದಿದ್ದಳು. ಲೂಸಿ ವಾರದಲ್ಲೇ ಸುಮ್ಮನಾದಳು. ನನಗೆ ಆಗಲೇ ಸಂಶಯ ಬರಬೇಕಿತ್ತು.

ಬೆಳಿಗ್ಗೆ ತಿರುಗಿ ಬಂದವರೇ, "ಗ್ಲೋರಿ, ಇವತ್ತ ಒಂದ ಸಲಾನೂ ಬೊಗಳಿಲ್ಲ ನೋಡು. ಕಲೇಜಿ ಎಲ್ಲಾ ತಿಂದು ಖಾಲಿ ಮಾಡ್ಯಾದ" ಎಂದರು.

"ಹೌದೇನ್ರಿ?" ಎಂದೆ.

ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಒಯ್ಯುವುದನ್ನು ಮರೆತಿದ್ದರು. ಮುಚ್ಚಳ ತೆಗೆದು ನೋಡಿದೆ, ಒಂದು ತುಂಡೂ ಕಡಿಮೆಯಾಗಿರಲಿಲ್ಲ.

ಸಂಜೆ ಆ ಕಲೇಜಿಯನ್ನೇ ಲೂಸಿಗೆ ತಿನ್ನಿಸುತ್ತ ಕೂತಿದ್ದೆ. ಇವರು ಸ್ನಾನಕ್ಕೆಂದು ಬೆಲ್ಟು ಬಿಚ್ಚಿದರು. ಬಕಲಿನ ಸಪ್ಪಳಕ್ಕೆ ಲೂಸಿ ಬಾಯಲ್ಲಿದ್ದ ತುಂಡನ್ನು ಕೆಳಗೆ ಬಿಟ್ಟು, ನಿಂತಲ್ಲೇ ಉಚ್ಚೆ ಮಾಡಿಕೊಂಡಳು.

ಬೊಗಳಲಿಲ್ಲ.