ಕಾವಲಿಗಿಟ್ಟ ಟೂಲ್

ಮಂಗಳವಾರ, ಮಾರ್ಚ್ ೧೧.

ಮ್ಯಾನೇಜರ್ ಊಟಕ್ಕೆ ಮನೆಗೆ ಹೋದರೆ ಸಾಕು, ಆಫೀಸಿನ ಸರ್ವರ್ ಬೀಳುತ್ತದೆ, ಎಲ್ಲರ ಕೆಲಸ ನಿಲ್ಲುತ್ತದೆ. ಅವರಿಲ್ಲದ ಹೊತ್ತು ನೋಡಿ ಯಾರೋ ಕೈಯಾಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಅವರಿಗೂ ಅದೇ ಗುಮಾನಿ. ಹೊಸದಾಗಿ ಸೇರಿದವಳನ್ನು ತೆಗೆದೇ ಹಾಕುತ್ತೇನೆ ಅಂದಿದ್ದರು. ಇವತ್ತು ಅವಳು ರಜೆ. ಆದರೂ ಬಿತ್ತು.

ಸಂಜೆ ನಾನೇ ಸರ್ವರ್ ಕೆದಕಿದಾಗ ಸಿಕ್ಕಿದ್ದು ಮ್ಯಾನೇಜರರ ಹೆಸರೇ. ಕಳ್ಳರನ್ನು ಹಿಡಿಯಲು ಅವರು ಮನೆಯಿಂದ ಸರ್ವರಿನ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ, ನೋಡುವ ಟೂಲ್ ತೆರೆದಿಡುತ್ತಾರೆ. ಅದು ಇಡೀ ಲಾಗನ್ನು ಮೆಮೊರಿಗೆ ತುಂಬಿ ಸರ್ವರಿನ ಉಸಿರು ಕಟ್ಟಿಸುತ್ತದೆ. ಟೂಲನ್ನು ತೆಗೆದುಹಾಕಿದೆ.

ಈಗಷ್ಟೇ ಅವರ ಫೋನ್. "ಯಾಕ್ರೀ, ನಂಗೆ ಲಾಗ್ ಕಾಣ್ತಾ ಇಲ್ಲ?"

"ಆ ಟೂಲಿಂದಲೇ ಬೀಳ್ತಿತ್ತು ಸರ್. ತೆಗೆದ ಮೇಲೆ ಬಿದ್ದಿಲ್ಲ."

"ನೋಡೋಕೇ ಆಗ್ದಿದ್ರೆ, ಬಿದ್ದಿಲ್ಲ ಅಂತ ಹೇಗ್ರೀ ನಂಬ್ಲಿ?"

ನಾಳೆಯಿಂದ ಗುಮಾನಿ ನನ್ನ ಮೇಲೆ. ಆ ಹೊಸಬಳ ಕೆಲಸವಾದರೂ ಉಳಿಯಿತು.