ಜೂನ್‌ನಲ್ಲಿ ಮುಗಿದ ವರ್ಷ

ಜುಲೈ ೩, ಗುರುವಾರ
ಬೆಳಿಗ್ಗೆ, ಅಂಗಡಿಯಲ್ಲಿ ಕೂತು

ಪ್ರೀತಿಯ ಚೋಟಿಗೆ,

ನಿನ್ನ ದೊಡ್ಡಕ್ಕ ಮಾಡುವ ಆಶೀರ್ವಾದ. ಇಲ್ಲಿ ನಿನ್ನ ಭಾವ ಕ್ಷೇಮ, ಹೊಲಿಗೆ ಮೆಷಿನ್ನೂ ಕ್ಷೇಮ. ನನ್ನ ವಿಷಯ ಮುಂದೆ ಬರೆಯುತ್ತೇನೆ. ಕಾಗದ ಶುರು ಮಾಡಲು ಹತ್ತೊಂಬತ್ತು ದಿನ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಆದರೆ ಈ ಸೆಖೆಯಲ್ಲಿ ಕೋಟು ಹೊಲಿಸುವ ಪುಣ್ಯಾತ್ಮ ಯಾರೂ ಇಲ್ಲ ಎಂದು ನಿನಗೂ ಗೊತ್ತು. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ನಾನು ಮೊದಲ ಮಾತಿಗೇ ಏನಾದರೂ ತಮಾಷೆ ಮಾಡಿ ನಿನ್ನ ಹೊಟ್ಟೆ ಇನ್ನಷ್ಟು ಉರಿಸುತ್ತಿದ್ದೆ. ಹಾಳಾದ ಬಾಯಿ, ಸುಮ್ಮನಿರುವುದಿಲ್ಲ.

ಅವತ್ತು ನೀನು ಐಸ್ ತರಲು ಕೆಳಗೆ ಹೋದಾಗ ಏನಾಯಿತು ಎಂದು ಯಾರೂ ನಿನಗೆ ಸರಿಯಾಗಿ ಹೇಳಿಲ್ಲವಂತೆ. ಬೇಕರಿ ತಮ್ಮ ಫೋನಿನಲ್ಲಿ ಹೇಳಿದ. "ನೀನೇ ಹೇಳಕ್ಕ, ನಾವು ಯಾಕೆ ಮಧ್ಯೆ ಸಿಕ್ಕಿಹಾಕ್ಕೊಳ್ಳೋದು" ಅಂದ. ಬುದ್ಧಿವಂತ. ಅದಕ್ಕೇ ನಾನೇ ಬರೆಯುತ್ತಿದ್ದೇನೆ, ಮೊದಲಿನಿಂದ.

ನಮ್ಮ ಮನೆಯ ವರ್ಷ ಜೂನ್‌ನಲ್ಲಿ ಮುಗಿಯಬೇಕೆಂಬುದು ಅಪ್ಪ ಮಾಡಿದ ಕಾನೂನು. ವರ್ಷದ ಕೊನೆಗೆ ಡ್ರೈವರ್ ತಮ್ಮನಿಗೆ ಬಸ್ಸಿನ ಎಕ್ಸ್‌ಟ್ರಾ ಟ್ರಿಪ್ಪು, ಬೇಕರಿ ತಮ್ಮನಿಗೆ ಕೇಕಿನ ಆರ್ಡರು, ನನಗೆ ಕೋಟಿನ ರಾಶಿ. "ಊರವರಿಗೆಲ್ಲ ಹೊಸ ವರ್ಷ ಮಾಡಿಕೊಡೋದೇ ಆಯ್ತು, ನಮ್ಮದು ಯಾವಾಗ್ರೋ?" ಎಂದು ಅಪ್ಪ ರೇಗಿ, ಜೂನ್ ಎರಡನೇ ಶನಿವಾರವೇ ಡಿಸೆಂಬರ್ ಮೂವತ್ತೊಂದು ಎಂದು ಸಾರಿಬಿಟ್ಟರು. ಮಧ್ಯಾಹ್ನ ಹನ್ನೆರಡಕ್ಕೆ ವರ್ಷ ಬದಲು. ಎಲ್ಲರಿಗೂ ಸ್ವೆಟರು, ಮಫ್ಲರು, ಉಣ್ಣೆ ಟೋಪಿ ಕಡ್ಡಾಯ. ಬಾಯಿತಪ್ಪಿ "ಸೆಖೆ" ಅಂದವರಿಗೆ ಇನ್ನೊಂದು ಸ್ವೆಟರಿನ ಶಿಕ್ಷೆ. ಅಪ್ಪ ಹೋದ ಮೇಲೂ ಒಂಬತ್ತು ವರ್ಷದಿಂದ ಬಿಡದೆ ನಡೆಸಿಕೊಂಡು ಬಂದಿದ್ದೇವಲ್ಲ, ಅದರಲ್ಲಿ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತಾ?

ಈ ಸಲ ನಿನ್ನ ಮೂರನೇ ಮಹಡಿಯ ಹಾಲಿನಲ್ಲಿ ಇಪ್ಪತ್ತಮೂರು ಜನ. ಡ್ರೈವರ್ ತಮ್ಮ ಹನ್ನೊಂದು ಗಂಟೆಗೇ ಐದನೇ ಸ್ವೆಟರಿನಲ್ಲಿದ್ದ, ಕೈ ಮಡಚಲು ಬಾರದೆ ಹೆಂಡತಿಯ ಕೈಯಿಂದ ಕೇಕು ತಿನ್ನಿಸಿಕೊಳ್ಳುತ್ತಿದ್ದ. ಅಮ್ಮ ಕೆಂಪು ಟೋಪಿ ಹಾಕಿಕೊಂಡು ನಡುವಿನ ಕುರ್ಚಿಯಲ್ಲಿ ಕೂತು, ಪ್ರತಿ ಮಗುವಿಗೂ "ನೀನು ಯಾರ ಪೈಕಿ?" ಎಂದು ಕೇಳಿ ಕೇಳಿ ನಗುತ್ತಿದ್ದಳು. ಅದೂ ಆಟದ ಭಾಗ ಎಂದುಕೊಂಡು ಮಕ್ಕಳೂ ನಕ್ಕವು. ನಾವೂ ನಕ್ಕೆವು. ನೀನೊಬ್ಬಳೇ ನಗಲಿಲ್ಲ. "ಐಸ್ ತರ್ತೀನಿ" ಎಂದು ಚೀಲ ಹಿಡಿದು ಮೆಟ್ಟಿಲಿಳಿದೆ.

ಆಗ ನಾನು ಅಮ್ಮನ ಕೋಣೆಗೆ ಹೋದೆ, ಮೇಲಿಂದ ಎರಚಲು ಬಣ್ಣದ ಕಾಗದ ಹುಡುಕಿಕೊಂಡು. ಪ್ರತಿ ವರ್ಷ ನಾನೇ ತರುವುದು, ಈ ಸಲ ಮರೆತಿದ್ದೆ. ಮಂಚದ ಎದುರಿನ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಆ ಕ್ಯಾಲೆಂಡರ್ ಇತ್ತಲ್ಲ, ದಪ್ಪಗೆ. ಜೂನ್ ಹದಿನಾಲ್ಕು ಎಂದು ತೋರಿಸುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು. ಬಾಗಿಲಿಂದಲೇ ಕೂಗಿದೆ, "ಲೋ, ಇಲ್ಲಿನ್ನೂ ಜೂನ್ ಇದೆಯಲ್ರೋ! ಇದ್ಯಾವ ಸೀಮೆ ಹೊಸ ವರ್ಷ?" ಹಾಲಿನಿಂದ ಡ್ರೈವರ್ ತಮ್ಮ, "ಕಿತ್ತಾಕಕ್ಕ!" ಅಂದ. ಎಲ್ಲರೂ ಹೋ ಎಂದರು. ಹೋ ಎಂದರೆ ಸಾಕು, ನಿನ್ನ ಅಕ್ಕನಿಗೆ ಕೈ ನಿಲ್ಲುವುದಿಲ್ಲ.

ಡಿಸೆಂಬರ್ ಮೂವತ್ತೊಂದನ್ನು ಗೋಡೆಯಲ್ಲಿ ಬಿಟ್ಟು, ಉಳಿದ ಇನ್ನೂರು ಹಾಳೆ ಒಟ್ಟಿಗೆ ಕಿತ್ತೆ. ಇಸ್ತ್ರಿ ಮೇಜಿನ ಮೇಲೆ ಇಪ್ಪತ್ತಿಪ್ಪತ್ತು ಹಾಳೆ ಒಂದರ ಮೇಲೊಂದು ಜೋಡಿಸಿ, ಬಟ್ಟೆಯ ಪದರ ಕತ್ತರಿಸುವ ಹಾಗೆ ಎಂಟೆಂಟು ಚೂರು ಮಾಡಿದೆ. ಕತ್ತರಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಆತುರದಲ್ಲಿದ್ದೆ ಚೋಟಿ, ಹಾಳೆ ತಿರುಗಿಸಿ ನೋಡಲಿಲ್ಲ. ಮಕ್ಕಳು ಸ್ಟೂಲು ಹತ್ತಿ ಚೂರುಗಳನ್ನೆಲ್ಲ ಫ್ಯಾನಿನ ರೆಕ್ಕೆಗಳ ಮೇಲೆ ಪೇರಿಸಿದವು. ನೀನು ಐಸ್ ಹಿಡಿದು ಬಾಗಿಲಿಗೆ ಬರುವುದಕ್ಕೂ ನಾವು ಹತ್ತರಿಂದ ಒಂದಕ್ಕೆ ಎಣಿಸಿ ಫ್ಯಾನ್ ಹಾಕುವುದಕ್ಕೂ ಸರಿಹೋಯಿತು.

ನಿನ್ನ ತಲೆ ಮೇಲೆ ಚೂರು ಬಿದ್ದಾಗ ನೀನೂ ನಕ್ಕೆ, ನಾನು ನೋಡಿದೆ. ಆಮೇಲೆ ಅಮ್ಮನ ಹೆಗಲ ಮೇಲಿನ ಒಂದು ಚೂರು ತೆಗೆದು, ತಿರುಗಿಸಿ, ಓದಿದೆ. ಐಸಿನ ಚೀಲ ಅಲ್ಲೇ ಬಿಟ್ಟೆ. ಮಂಡಿಯೂರಿ ಆಯಲು ಶುರು ಮಾಡಿದೆ. "ಬಿಡೇ ಮಾರಾಯ್ತಿ, ಆಮೇಲೆ ಗುಡಿಸೋಣ, ನಿನಗೆ ಯಾವಾಗ್ಲೂ ಚೊಕ್ಕಟದ ಹುಚ್ಚು" ಎಂದವಳು ನಾನೇ. ಬೇರೆ ಯಾರೋ ಅಲ್ಲ. ಆ ಮಾತು ನೆನೆದರೆ ಈಗಲೂ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನ್ನಿಸುತ್ತದೆ.

ಮಾರನೇ ಬೆಳಿಗ್ಗೆ ನಡೆದದ್ದನ್ನು ನಾವಿಬ್ಬರೇ ನೋಡಿದ್ದು. ಅಮ್ಮ ಎದ್ದು, ಕನ್ನಡಕ ಹಾಕಿಕೊಂಡು, ನೇರ ಗೋಡೆಗೆ ಹೋಗಿ ಉಳಿದಿದ್ದ ಒಂದೇ ಹಾಳೆ ಹರಿದಳು. ಹಿಂದೆ ತಿರುಗಿಸಿದಳು. ಅವಳದೇ ಗುಂಡು ಅಕ್ಷರ. "ನಾನು ಬರೆದದ್ದು ಇಲ್ಲಿಗೆ ಮುಗಿಯಿತು. ಇನ್ನು ಹುಡುಕಬೇಡ." ಅಮ್ಮ ಬರಿಯ ರಟ್ಟನ್ನು ಸವರಿ ನೋಡಿ, ಮಂಚದ ಮೇಲೆ ಕೂತು, "ಮುಗೀತಂತೆ" ಅಂದಳು. ನೀನು ಟೀ ಕೊಟ್ಟೆ. "ನೀವು ಹೊಸ ನರ್ಸಾ? ನನ್ನ ಮಗಳು ಎಲ್ಲಿ?" ಎಂದು ಕೇಳಿದಳು. ನಿನ್ನನ್ನು ನೋಡಿಕೊಂಡೇ ಕೇಳಿದಳು.

ಆಗಲ್ಲವೇ ನೀನು ಅಡುಗೆಮನೆಯಲ್ಲಿ ನಿಂತು ನನಗೆ ಹೇಳಿದ್ದು? ಮರೆವಿನ ವಿಷಯ ಡಾಕ್ಟರ್ ತಿಳಿಸಿದ ಮೇಲೆ, ಕೈ ಇನ್ನೂ ನೆಟ್ಟಗಿದ್ದಾಗಲೇ, ಅಮ್ಮ ಹೊಸ ಕ್ಯಾಲೆಂಡರ್ ತರಿಸಿ ಒಂದು ತಿಂಗಳು ಕೂತು ದಿನಾ ಬೆಳಿಗ್ಗೆ ಎದ್ದು ಹರಿದು ಓದಿಕೊಳ್ಳಲೆಂದು ಪ್ರತಿ ಹಾಳೆಯ ಹಿಂದೆಯೂ ತನಗೆ ತಾನೇ ಬರೆದುಕೊಂಡಳು ಎಂದು. ಮೂವತ್ತು ವರ್ಷ ಗೋಡೌನಿನಲ್ಲಿ ಸ್ಟಾಕು ಬರೆದವಳು, ತನ್ನ ಅಕ್ಷರ ಬಿಟ್ಟು ಬೇರೆಯವರದನ್ನು ನಂಬುವವಳಲ್ಲ. "ದೊಡ್ಡವರಿಗೆ ಹೇಳಬೇಡ, ನಗ್ತಾರೆ" ಎಂದು ನಿನ್ನಿಂದ ಆಣೆ ಹಾಕಿಸಿಕೊಂಡಿದ್ದಳಂತೆ. ನಗ್ತಾರೆ ಎಂದಳಲ್ಲ ಚೋಟಿ, ನಮ್ಮನ್ನು ಎಷ್ಟು ಸರಿಯಾಗಿ ತಿಳಿದಿದ್ದಳು! ಅದೆಲ್ಲ ಹೇಳಿ ಮುಗಿಸಿ, "ಅಕ್ಕ, ಒಂಬತ್ತೂವರೆಗೆ ಬಸ್ಸಿದೆ" ಅಂದೆ. ಅಷ್ಟೇ ಅಂದೆ. ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನೀನು ಆಯ್ದು ದಿಂಬಿನ ಕವರಿನಲ್ಲಿ ತುಂಬಿಟ್ಟಿದ್ದ ಚೂರುಗಳನ್ನು ಕೇಳದೆ ಎತ್ತಿಕೊಂಡು ಬಂದದ್ದು ನಾನೇ. ಹುಡುಕಿ ಸುಸ್ತಾಗಿದ್ದೀಯೇನೋ. ಅಂದಿನಿಂದ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಜೋಡಿಸುತ್ತಿದ್ದೇನೆ. ಒಟ್ಟಿಗೆ ಇಟ್ಟು ಕತ್ತರಿಸಿದ್ದರಿಂದ ಎಲ್ಲ ದಿನಗಳ ಚೂರೂ ಒಂದೇ ಅಳತೆ. ಯಾವ ಚೂರು ಯಾವ ದಿನದ್ದು ಎಂದು ಅಂಚು ನೋಡಿ ಹೇಳುವ ಹಾಗೇ ಇಲ್ಲ, ಮಾತು ಓದಿಯೇ ಕೂಡಿಸಬೇಕು. "ಯಜಮಾನರು ಈಗಿಲ್ಲ, ಅವರಿಗೆ" ಎಂಬುದರ ಮುಂದೆ "ಕುತ್ತಿಗೆಯಲ್ಲೇ ಇದೆ, ನೋಡಿಕೋ" ಎಂದು ಬಂತು. ಆಮೇಲೆ ನೋಡಿದರೆ ಅದು ಕನ್ನಡಕದ ಹಾಳೆಯ ಚೂರು. ಅಪ್ಪನ ಹಾಳೆಗೆ ಕೂಡಬೇಕಾದದ್ದು "ತಟ್ಟೆ ಇಡಬೇಡ" ಎಂಬ ಚೂರು. ಒಂದೊಂದು ಹಾಳೆಗೂ ಹಿಂದಿನಿಂದ ಕಾಲರಿಗೆ ಹಾಕುವ ಕ್ಯಾನ್ವಾಸ್ ಇಟ್ಟು, ಸಣ್ಣ ಶಾಖದಲ್ಲಿ ಇಸ್ತ್ರಿ ಹಾಕಿ ಅಂಟಿಸಿದ್ದೇನೆ. ಅಕ್ಷರ ಮೇಲ್ಮುಖವಾಗಿದೆ, ತಾರೀಖು ಮುಚ್ಚಿಹೋಗುವುದರಿಂದ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ನಿನ್ನ ಭಾವ ನೋಡಿ, "ಜೀವನದಲ್ಲಿ ಮೊದಲ್ನೇ ಸಲ ಬಾಯಿ ಮುಚ್ಚಿ ಕೆಲಸ ಮಾಡ್ತಿದ್ದೀಯ" ಅಂದರು. ನಾನು ತಿರುಗಿ ಬೈಯುವ ಬದಲು ಮುಂದಿನ ಹಾಳೆಗೆ ಇಸ್ತ್ರಿ ಇಟ್ಟೆ, ಅದಕ್ಕೆ ಅವರಿಗೇ ಗಾಬರಿಯಾಗಿ ಟೀ ಮಾಡಿಕೊಟ್ಟರು.

ಇದರ ಜೊತೆ ಮೂವತ್ತೆಂಟು ಹಾಳೆ ಇವೆ, ಜುಲೈ ಏಳರಿಂದ ಮುಂದಕ್ಕೆ. ಹೊಲಿಗೆ ಹಾಕಿ ಕಟ್ಟಿದ್ದೇನೆ, ಅದೇ ಮೊಳೆಗೆ ಸಿಕ್ಕಿಸು. ದಪ್ಪಗಿವೆ, ಹರಿಯಲು ಬರುವುದಿಲ್ಲ, ದಾರ ಬಿಚ್ಚಿ ತೆಗೆಯಬೇಕು. ಅಮ್ಮ ನಂಬುತ್ತಾಳೋ ಇಲ್ಲವೋ ಗೊತ್ತಿಲ್ಲ. ನೀನೇ ಚೀಟಿ ಬರೆದು ಕೊಟ್ಟದ್ದಕ್ಕೆ "ಇದು ನನ್ನ ಅಕ್ಷರ ಅಲ್ಲ" ಎಂದು ಎಸೆದಳಂತಲ್ಲ, ಬೇಕರಿ ತಮ್ಮ ಹೇಳಿದ. ಇದಾದರೂ ಅವಳದೇ ಅಕ್ಷರ, ಬರೆ ಬಿದ್ದಿದ್ದರೂ ಅವಳದೇ. ಒಂದೇ ಒಂದು ಬೆಳಿಗ್ಗೆ ನಿನ್ನನ್ನು ಮಗಳು ಎಂದು ಕರೆದರೆ ಒಂದು ಸಾಲು ಬರೆದು ತಿಳಿಸು. ಕ್ಷಮಿಸಿದ್ದೇನೆ ಎಂದು ಬರೆಯಬೇಡ, ನನಗೆ ಅದು ಬೇಡ, ಅಮ್ಮನ ಸುದ್ದಿ ಸಾಕು.

ಉಳಿದ ಹಾಳೆಗಳನ್ನೂ ಆದಷ್ಟು ಬೇಗ ಕಳಿಸುತ್ತೇನೆ. ನೀನು ಕರೆಯುವವರೆಗೆ ಆ ಮೆಟ್ಟಿಲು ಹತ್ತುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಧ್ಯಾಹ್ನ ಅಮ್ಮ ಮಲಗಿದಾಗ ನೀನೂ ಕಾಲು ಚಾಚು. ನಿನ್ನ ಕೈಗೆ ಶಕ್ತಿ ಬರಲಿ, ನೂರು ವರ್ಷ ತಣ್ಣಗಿರು ನನ್ನ ಕಂದ.

ನಿನ್ನ
ದೊಡ್ಡಕ್ಕ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕೋಣ ಎಂದು ಪೆನ್ನು ಇಟ್ಟೆ, ಬೇಡ, ಹಾಗೇ ಇರಲಿ, ನಾನು ಎಂಥವಳು ಎಂದು ನಿನಗೆ ಗೊತ್ತಾಗಲಿ. ಹಾಳೆ ತಿರುಗಿಸಿ ನೋಡಿದ್ದೆ ಚೋಟಿ. ಕಿತ್ತ ಕೂಡಲೇ ಅಮ್ಮನ ಅಕ್ಷರ ಕಂಡಿತು. "ಟೀ ತರುವವಳು ನರ್ಸಲ್ಲ, ನಿನ್ನ ಕಿರಿ ಮಗಳು, ಗದರಬೇಡ." "ಕಿರಿಯವಳಿಗೆ ಇವತ್ತು ತಲೆನೋವಿರಬಹುದು, ಸುಮ್ಮನಿರು." ನಿಂತಲ್ಲೇ ಹದಿನೈದು ಇಪ್ಪತ್ತು ಹಾಳೆ ಓದಿದೆ. ಎಲ್ಲದರಲ್ಲೂ ನೀನು. ನನ್ನನ್ನು ಹುಡುಕಿದೆ, ಎಲ್ಲೂ ಇರಲಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಉಣ್ಣೆ ಟೋಪಿ ಹಾಕಿಕೊಂಡು, ತಂಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟು ಕತ್ತರಿ ತೆಗೆದೆ. ಅದು ಏನೆಂದು ಪೂರ್ತಿ ತಿಳಿದಿರಲಿಲ್ಲ, ಆದರೆ ನಿಮ್ಮಿಬ್ಬರದು ಎಂದು ತಿಳಿದೇ ಕತ್ತರಿಸಿದೆ.

ಮೊನ್ನೆ ಅಕ್ಟೋಬರ್ ಇಪ್ಪತ್ತೊಂದರ ಹಾಳೆ ಕೂಡಿತು. ಅಷ್ಟು ದೂರದವರೆಗೆ ಅವತ್ತು ಓದುವ ತಾಳ್ಮೆ ನನಗಿರಲಿಲ್ಲ. "ಇವತ್ತು ದೊಡ್ಡವಳು ಹುಟ್ಟಿದ ದಿನ. ಬಾಯಿ ಜೋರು, ಆದರೆ ತನಗೆ ಬೇಕಾದದ್ದನ್ನು ಕೇಳಲು ಬಾರದು. ಫೋನ್ ಕಾಯುತ್ತಿರುತ್ತಾಳೆ. ನೀನೇ ಮೊದಲು ಮಾಡಿ ಅವಳಿಗೆ ಹೇಳು," ಎಂದಿದೆ. ಅಲ್ಲಿಂದ ಮುಂದಿನ ಚೂರು ಇಲ್ಲ. ಕವರನ್ನು ಮೂರು ಸಲ ಕೊಡವಿ ನೋಡಿದೆ. ನಿನ್ನ ಹಾಲಿನ ಫ್ಯಾನಿನ ಮೇಲೆ ಉಳಿದಿದೆಯೋ ಏನೋ, ಸ್ಟೂಲು ಹತ್ತಿದಾಗ ಒಮ್ಮೆ ನೋಡು. ಸಿಗದಿದ್ದರೆ ಬಿಡು, ನಾನೇ ಅಲ್ಲವೇ ಕತ್ತರಿಸಿದ್ದು.