ಗುಮ್ಮನ ಮುಚ್ಚಳಿಕೆ

ಮಾರ್ಚ್ ೧೪, ಬುಧವಾರ

ಚಿರಂಜೀವಿ ಸೊಸೆಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾನೂ ನನ್ನ ಮಗನೂ ಕ್ಷೇಮ. ನೀನು ಈ ಮನೆ ಬಿಟ್ಟಂದಿನಿಂದ ಒಂದು ಪತ್ರವನ್ನೂ ಬರೆಯದಿದ್ದುದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಕಚೇರಿಯ ಜಗಲಿಯಲ್ಲಿ ಕುಳಿತು ಜೀವಮಾನವೆಲ್ಲ ಪರರ ಅರ್ಜಿಗಳನ್ನು ಬರೆದುಕೊಟ್ಟವನಿಗೆ ಸ್ವಂತ ಪತ್ರದ ಮೊದಲ ಸಾಲು ಹೊಳೆಯಲಿಲ್ಲವೆಂದರೆ ನೀನು ನಗುತ್ತೀಯೆ. ಆದರೂ ಸಂಗತಿ ಅದೇ. ಸಂಬೋಧನೆಯಲ್ಲಿ ಹಳೆಯ ಪದವನ್ನೇ ಉಳಿಸಿಕೊಂಡಿದ್ದೇನೆ. ಅದನ್ನು ಬದಲಾಯಿಸತಕ್ಕದ್ದೆಂದು ನನಗೆ ಯಾವ ಆದೇಶವೂ ಬಂದಿಲ್ಲ.

ಈಗ ಬರೆಯಲೇಬೇಕಾದ ತುರ್ತು ಒದಗಿದೆ. ನಿನ್ನೆ ನೀನು ಫೋನ್ ಮಾಡಿ, ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದಿರುವುದಾಗಿಯೂ, ಶುಕ್ರವಾರ ಸಂಜೆ ಬುಟ್ಟಿಯೊಡನೆ ಬರುವುದಾಗಿಯೂ, ಮೊಲವನ್ನು ಗೇಟಿನ ಹೊರಗೇ ತಂದುಕೊಡಬೇಕೆಂದೂ ನನ್ನ ಮಗನಿಗೆ ಹೇಳಿದೆಯಂತೆ. ಅವನು ‘ಆಯ್ತು’ ಎಂದನಂತೆ. ಆಗುವಂತಿಲ್ಲ ಮಗಳೇ. ಗುಮ್ಮ ಈ ಮನೆಯಲ್ಲಿಲ್ಲ. ಗಾಬರಿಪಡಬೇಡ, ಜೀವಂತವಾಗಿದೆ, ಚೆನ್ನಾಗಿಯೂ ಇದೆ. ನಡೆದುದನ್ನು ಕ್ರಮವಾಗಿ ಅರಿಕೆ ಮಾಡುತ್ತೇನೆ; ಪೂರ್ತಿ ಓದಿದ ಮೇಲೆ ತೀರ್ಪು ಕೊಡು.

ಕಳೆದ ವಾರ ಗುಮ್ಮ ನನ್ನ ಮಗನ ಫೋನಿನ ಚಾರ್ಜರ್ ವೈರನ್ನು ಕಡಿದು ತುಂಡು ಮಾಡಿತು. ಹಿಂದೆಯೂ ಮಾಡಿತ್ತು, ಆಗ ನೀನಿದ್ದೆ, ಬೈಗುಳ ನಿಮ್ಮಿಬ್ಬರ ನಡುವೆ ಹಂಚಿಹೋಗುತ್ತಿತ್ತು. ಈ ಸಲ ಪೂರ್ತಿ ಮೊಲದ ಮೇಲೆಯೇ ಬಿತ್ತು. “ಭಾನುವಾರ ಸಂಜೆಯೊಳಗೆ ಇದು ಈ ಮನೇಲಿ ಇರಬಾರ್ದು ಅಪ್ಪಾ. ಇದ್ರೆ ತಗೊಂಡ್ಹೋಗಿ ಮಾರ್ಕೆಟ್ ಹಿಂದೆ ಬಿಟ್ಬರ್ತೀನಿ” ಎಂದನು.

“ಅಲ್ಲಿ ನಾಯಿಗಳಿವೆ ಕಣೋ.”

“ಇರ್ಲಿ. ಸಾಕಿದೋಳೇ ಬಿಟ್ಟುಹೋದ್ಮೇಲೆ ನನಗೇನು?”

ಅವನ ಕೋಪ ನಿನಗೆ ತಿಳಿಯದ್ದಲ್ಲ. ಅಂದಿನಿಂದ ನಾನು ಗೂಡನ್ನು ನನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡೆ. ಸ್ನಾನಕ್ಕೆ ಹೋದರೂ ಕೋಣೆಗೆ ಬೀಗ ಹಾಕಿ ಹೋದೆ. ನಿನಗೆ ತಿಳಿಸಬಹುದಾಗಿತ್ತು. ಆದರೆ ಹಾಸ್ಟೆಲಿನಲ್ಲಿ ಪ್ರಾಣಿಗಳಿಗೆ ಅವಕಾಶವಿಲ್ಲವೆಂದು ನೀನೇ ಹೇಳಿದ್ದೆ. ಕೈಯಲ್ಲಿ ಪರಿಹಾರವಿಲ್ಲದವರ ಮುಂದೆ ದೂರು ಇಡುವುದು ನನ್ನ ಪದ್ಧತಿಯಲ್ಲ.

ಮೊಲ ಸಾಕುವವರಿದ್ದರೆ ಕಳುಹಿಸಿರೆಂದು ಬೀದಿಯಲ್ಲಿ ಹೇಳಿಟ್ಟೆ. ಮೊದಲು ಬಂದವನು ಎದುರು ಸಾಲಿನ ಮಾಂಸದಂಗಡಿಯವನು. ಮಾತಿನಲ್ಲಿ ಬಹಳ ವಿನಯ. ಗುಮ್ಮನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿ, ಮೇಲೆ ಕೆಳಗೆ ಆಡಿಸಿ, “ಭಾರ ಇದೆ ಯಜಮಾನ್ರೆ, ಚೆನ್ನಾಗಿ ಸಾಕಿದ್ದೀರಿ” ಎಂದನು.

“ನಾನು ಹೇಳಿದ್ದು ಸಾಕೋದಕ್ಕೆ.”

“ನಾನೂ ಅದನ್ನೇ ಹೇಳಿದ್ದು. ಒಂದು ವಾರ ಸಾಕ್ತೀನಿ.”

ಅವನ ಕೈಯಿಂದ ಕಿತ್ತುಕೊಂಡ ರಭಸಕ್ಕೆ ನನ್ನ ಕನ್ನಡಕ ಕೆಳಗೆ ಬಿದ್ದಿತು. ಶನಿವಾರ ಮಹಡಿಯ ಮನೆಯವರು ನೋಡಿ, ವಾಸನೆಯೆಂದು ಮೂಗು ಹಿಡಿದುಕೊಂಡು ಹೋದರು. ಭಾನುವಾರ ಬೆಳಗ್ಗೆ ನನ್ನ ಮಗ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಇಳಿಸಿ, ಮುಚ್ಚಳಕ್ಕೆ ತೂತು ಕೊರೆಯಲಾರಂಭಿಸಿದನು. ಉಸಿರಾಡಲು ತೂತು ಕೊರೆಯುವ ಕೈ ನಾಯಿಗಳ ಬಾಯಿಗೆ ಬಿಟ್ಟುಬರಲಾರದೆಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಗುಮ್ಮನನ್ನು ಶಾಲಿನೊಳಗೆ ಸುತ್ತಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದೆ.

ಬೀದಿಯ ತುದಿಯಲ್ಲಿ ನಿನ್ನ ರವಿಕೆಗಳನ್ನು ಹೊಲಿಯುತ್ತಿದ್ದ ಟೈಲರಮ್ಮನ ಅಂಗಡಿ ತೆರೆದಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅರ್ಧ ಸರಿದ ಒಂದು ಪರದೆ. ಆಕೆಯ ಗಂಡ ಬೇರೆ ಸಂಸಾರ ಹೂಡಿ ಹೋದದ್ದು ನಿನಗೆ ಗೊತ್ತು. ಅವನ ತಾಯಿ ಮಾತ್ರ ಅಲ್ಲಿಯೇ ಇದ್ದಾರೆ, ಪಾರ್ಶ್ವವಾಯು ಬಡಿದು ಕಿಟಕಿಯ ಬದಿಯ ಮಂಚ ಹಿಡಿದಿದ್ದಾರೆ. ನಾನು ವಿಷಯ ಹೇಳಿ ಮುಗಿಸುವ ಮುನ್ನವೇ ಆ ವೃದ್ಧೆ ಪರದೆಯಾಚೆಯಿಂದ, “ಏನದು ಶಾಲಲ್ಲಿ ಒದ್ದಾಡ್ತಿರೋದು? ಇಲ್ಲಿ ತನ್ನಿ” ಎಂದರು. ಮಡಿಲಲ್ಲಿ ಇಟ್ಟೆ. ಗುಮ್ಮ ಮೂಗು ಅಲ್ಲಾಡಿಸಿ ಅಲ್ಲಿಯೇ ಕಾಲು ಮಡಿಚಿ ಕುಳಿತುಬಿಟ್ಟಿತು. “ಟೈಲರ್ ಮನೆ ಕಣೋ ಇದು. ಅಷ್ಟುದ್ದ ಕಿವಿ ಇಟ್ಕೊಂಡು ಕತ್ತರಿ ಹತ್ರ ಹೋಗ್ಬೇಡ” ಎಂದು ಅದಕ್ಕೆ ಬುದ್ಧಿ ಹೇಳಿದರು. ಟೈಲರಮ್ಮ ಮಿಷನ್ ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಮಾಂಸದಂಗಡಿಯವನ ಅಂಗೈ ನನ್ನ ಕಣ್ಣ ಮುಂದಿತ್ತು. ಆದ್ದರಿಂದ ಅಲ್ಲಿಯೇ ಕುಳಿತು ಒಂದು ಮುಚ್ಚಳಿಕೆ ಬರೆದೆ. ಸದರಿ ಮೊಲವನ್ನು ಕೊಲ್ಲತಕ್ಕದ್ದಲ್ಲ, ಮಾರತಕ್ಕದ್ದಲ್ಲ, ಪರಭಾರೆ ಮಾಡತಕ್ಕದ್ದಲ್ಲ. ಟೈಲರಮ್ಮ ಓದಿ ನಕ್ಕಳು. “ಷರತ್ತೆಲ್ಲ ನನಗೇನಾ ಅರ್ಜಿ ತಾತಾ? ನಮ್ಮತ್ತೆ ಹಚ್ಕೊಂಡ್ಮೇಲೆ ನೀವು ವಾಪಸ್ ಕೊಡು ಅಂತ ಬಂದ್ರೆ?”

ನನ್ನ ಬರಹದಲ್ಲಿ ಲೋಪವಿದೆಯೆಂದು ಇದುವರೆಗೆ ಯಾರೂ ಬೆರಳು ತೋರಿಸಿದವರಿಲ್ಲ. ಹಟ ಹುಟ್ಟಿತು. ಕೈ ತನ್ನ ಅಭ್ಯಾಸದಂತೆ ಬರೆಯಿತು: ಕೊಟ್ಟವರಾಗಲಿ, ಅವರ ಕುಟುಂಬದವರಾಗಲಿ, ವಾರಸುದಾರರಾಗಲಿ, ಯಾವ ಕಾಲಕ್ಕೂ ಯಾವ ಕಾರಣಕ್ಕೂ ಸದರಿ ಮೊಲವನ್ನು ಹಿಂದಕ್ಕೆ ಕೇಳತಕ್ಕದ್ದಲ್ಲ. ಗಟ್ಟಿಯಾಗಿ ಓದಿ ಹೇಳಿ, ಸಹಿ ಮಾಡಿ, ಎದೆ ಸೆಟೆಸಿಕೊಂಡು ಮನೆಗೆ ಬಂದೆ.

ಸಂಜೆ ನನ್ನ ಮಗ ಪೆಟ್ಟಿಗೆ ಹಿಡಿದು ಕೋಣೆಗೆ ಬಂದನು. ಬರಿದಾದ ಗೂಡಿನ ಮುಂದೆ ನಿಂತೇ ಇದ್ದನು. “ಕೊಟ್ಟೇಬಿಟ್ರಾ? ಸಿಟ್ಟಲ್ಲಿ ಏನೋ ಅಂದ್ರೆ...” ಎಂದನು. ನಿನ್ನೆ ನಿನ್ನ ಫೋನ್ ಬಂದ ಮೇಲಂತೂ ನೇರ ನನ್ನ ಕೋಣೆಗೆ ಬಂದನು. “ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಅಪ್ಪಾ. ನೀವೇ ಹೋಗಿ ಕೇಳಿ.”

ಹೋದೆ. ಟೈಲರಮ್ಮ ಕತ್ತರಿ ಕೆಳಗಿಟ್ಟು, ಮಿಷನ್ನಿನ ಡ್ರಾಯರಿನಿಂದ ನನ್ನ ಕಾಗದ ತೆಗೆದು, ನನ್ನ ಷರತ್ತನ್ನೇ ನನಗೆ ಓದಿದಳು. “ಅಕ್ಷರ ಮಾತ್ರ ಮುತ್ತಿನ ಹಾಗಿದೆ ತಾತಾ” ಎಂದಳು. ಕುಹಕವಿರಲಿಲ್ಲ, ಭಯವಿತ್ತು. ಪರದೆಯಾಚೆ ವೃದ್ಧೆಯ ಸೆಟೆದ ಬೆರಳುಗಳು ಗುಮ್ಮನ ಬೆನ್ನಿನ ಮೇಲಿದ್ದವು. ಆಕೆ ನನ್ನತ್ತ ನೋಡಲಿಲ್ಲ. “ನಿಮ್ಮ ಸೊಸೆಗೆ ಬೇಕಿದ್ರೆ ಬಂದು ಇಲ್ಲಿ ಕೂತ್ಕೊಳ್ಲಿ. ಜಾಗ ಇದೆ. ಕೊಡು ಅಂತ ಮಾತ್ರ ಕೇಳ್ಬೇಡಿ” ಎಂದರು. ಮೆಟ್ಟಿಲಿಳಿದು ಬಂದೆ.

ಈಗ ಒಂದು ಸಂಗತಿಯನ್ನು ನಿನಗೆ ತಿಳಿಸುವುದು ನನ್ನ ಕರ್ತವ್ಯ. ಅದನ್ನು ಅವರಿಗೆ ಹೇಳಿಲ್ಲ. ಆ ಮುಚ್ಚಳಿಕೆ ನಿಲ್ಲುವುದಿಲ್ಲ. ಗುಮ್ಮ ನಿನ್ನದು, ನಿನ್ನದನ್ನು ಕೊಡಲು ನನಗೆ ಹಕ್ಕಿರಲಿಲ್ಲ. ನೀನು ಹೋಗಿ “ಇದು ನನ್ನದು, ನನ್ನನ್ನು ಯಾರೂ ಕೇಳಿಲ್ಲ” ಎಂದರೆ ನನ್ನ ಮುತ್ತಿನಂಥ ಅಕ್ಷರಗಳೆಲ್ಲ ಬಿದ್ದುಹೋಗುತ್ತವೆ. ಹಾಗೆ ನೀನು ಹೇಳಿದರೆ ನಾನೇ ಪಕ್ಕದಲ್ಲಿ ನಿಂತು ಹೌದೆನ್ನುತ್ತೇನೆ.

ನನ್ನ ಪ್ರಾರ್ಥನೆ ಇಷ್ಟೇ. ಶುಕ್ರವಾರ ನಮ್ಮ ಗೇಟಿಗೆ ಬರಬೇಡ, ನೇರ ಟೈಲರಮ್ಮನ ಅಂಗಡಿಗೆ ಬಾ. ಪರದೆ ಸರಿಸಿ ಒಮ್ಮೆ ನೋಡು. ಆಮೇಲೆ ಬುಟ್ಟಿ ತುಂಬಿಸಿಕೊಂಡು ಹೋಗುವೆಯೋ, ಬರಿದಾಗಿ ಒಯ್ಯುವೆಯೋ ನಿನ್ನ ಇಚ್ಛೆ. ಆ ಕಾಗದದಲ್ಲಿ ಹಿಂದಕ್ಕೆ ಕೇಳತಕ್ಕದ್ದಲ್ಲವೆಂದಿದೆ. ಬಂದು ಹೋಗತಕ್ಕದ್ದಲ್ಲವೆಂದು ಎಲ್ಲಿಯೂ ಇಲ್ಲ. ನನ್ನ ಮಗ ಅಲ್ಲಿರುವುದಿಲ್ಲ, ಅವನಿಂದ ಮಾತು ತೆಗೆದುಕೊಂಡಿದ್ದೇನೆ. ನಾನು ಇರುತ್ತೇನೆ.

ಅಂಚೆಯನ್ನು ನಂಬುವಷ್ಟು ಸಮಯವಿಲ್ಲವಾದ್ದರಿಂದ ಈ ಪತ್ರವನ್ನು ನಿನ್ನ ಕಚೇರಿಯ ಕಾವಲುಗಾರನ ಕೈಗೆ ನಾನೇ ತಂದುಕೊಡುತ್ತಿದ್ದೇನೆ. ನಿನ್ನನ್ನು ಕೆಳಗೆ ಕರೆಸುವಂತೆ ಅವನಿಗೆ ಹೇಳುವುದಿಲ್ಲ.

ಹೊಸ ಮನೆಯಲ್ಲಿ ನಿನಗೆ ನೆಮ್ಮದಿಯಿರಲಿ, ಆರೋಗ್ಯವಿರಲಿ. ಎಲ್ಲಿದ್ದರೂ ತಲೆಯೆತ್ತಿ ಬಾಳು.

ಇಂತಿ,
ನಿನ್ನ ಮಾವ

ಮತ್ತೆ ಬರೆದದ್ದು: ಮನೆ ಬಿಟ್ಟು ಹೊರಟ ಬೆಳಗ್ಗೆ ನೀನು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಜಾಲರಿಯೊಳಗೆ ಬೆರಳು ತೂರಿಸಿ, “ಬರ್ತೀನಿ ಕಣೋ ಗುಮ್ಮಾ, ನಿನ್ನ ಬಿಟ್ಟುಬಿಡ್ತೀನಾ?” ಎಂದೆ. ನಂತರ ಎದ್ದು ಚೀಲ ಹಿಡಿದು ಬಾಗಿಲು ದಾಟಿದೆ. ಪಕ್ಕದ ಕುರ್ಚಿಯಲ್ಲಿ ನಾನು ಪತ್ರಿಕೆ ಹಿಡಿದು ಕುಳಿತಿದ್ದೆ. ನನಗೂ ‘ಬರ್ತೀನಿ’ ಎನ್ನುವೆಯೆಂದು ಪತ್ರಿಕೆಯನ್ನು ಇಳಿಸಿದ್ದೆ ಕೂಡ.